ಗ್ಯಾಸ್ ಬೇಡ, ಸದ್ದು ನಿಲ್ಲಿಸಿ

ಬಸವನಗುಡಿಯ ನಮ್ಮ ಮನೆಗೆ ಏಸಿ ಸರ್ವಿಸ್ ಮಾಡಲು ಬರುವವನು ಒಂದು ದಿನ ನನ್ನ ಗಂಡನನ್ನು ಗೇಟಿನ ಹತ್ತಿರ ತಡೆದು ಕೇಳಿದನಂತೆ, "ಸಾರ್, ಮೇಡಂಗೆ ನನ್ ಕೆಲಸದ ಮೇಲೆ ಏನಾದ್ರೂ ಡೌಟಾ? ವರ್ಷಕ್ಕೆ ಎರಡು ಸಲ ಮಾಡಿಸಿದ್ರೆ ಸಾಕು. ಇವ್ರು ಯಾವಾಗ ನೋಡಿದ್ರೂ ಫೋನ್ ಮಾಡ್ತಾರೆ." ಡೌಟು ಅವನ ಮೇಲಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಬೀದಿಯಲ್ಲಿ ಮನೆಮನೆಗೂ ಏಸಿ ಬಂತು, ನಮ್ಮಲ್ಲಿಗೂ ಬಂತು. ವರ್ಷದ ಕಾಂಟ್ರ್ಯಾಕ್ಟಿಗೆ ಎಂದು ಕಟ್ಟುವುದಲ್ಲದೆ ಮೇಲಿಂದ ಮೇಲೆ ಫಿಲ್ಟರ್ ತೊಳೆಸಲು, ಸ್ಕ್ರೂ ಬಿಗಿ ಮಾಡಿಸಲು ನಾನು ದುಡ್ಡು ಸುರಿಯುವುದು ಗಂಡನಿಗೆ ದುಂದು ಅನ್ನಿಸುತ್ತದೆ. "ತಣ್ಣಗಾಗ್ತಿದೆಯಲ್ಲೇ, ಇನ್ನೇನು ಬೇಕು?" ಎನ್ನುತ್ತಾರೆ. ತಣ್ಣಗಾದರೆಷ್ಟು ಬಿಟ್ಟರೆಷ್ಟು, ಅದು ಗರಗರ ಅನ್ನಬಾರದು. ಗರಗರ ಅಂದರೆ ನನ್ನ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಸಿಟ್ಟು ನನಗೆ ಅಪ್ಪನ ಕಡೆಯಿಂದ ಬಂದ ಆಸ್ತಿ. ಉಳಿದ ಆಸ್ತಿಯನ್ನು ಅವನು ತಾನೇ ಮುಗಿಸಿದ. ಅಪ್ಪನನ್ನು ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಒಂದು ದಿನವೂ ಹಾಗೆ ಮಾತಾಡಿದವಳಲ್ಲ. ಬದುಕಿದ್ದಾಗ ಅವನಿಗೆ ಎಲ್ಲರ ಬಾಯಲ್ಲೂ ಬೇಕಾದಷ್ಟು ಬಹುವಚನ ಸಿಕ್ಕಿದೆ, ಇನ್ನು ಸಾಕು.

ತೊಂಬತ್ತರ ದಶಕದಲ್ಲಿ ನಾವಿದ್ದದ್ದು ಚಾಮರಾಜಪೇಟೆಯಲ್ಲಿ, ತಾತ ಕಟ್ಟಿಸಿದ ವಠಾರದ ಮುಂದಿನ ಮನೆಯಲ್ಲಿ. ಹಿಂದೆ ಸಾಲಾಗಿ ಬಾಡಿಗೆಯವರ ಮನೆಗಳು, ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ. ವಠಾರದಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ, ಅಲ್ಲಿ ಹಗಲು ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆ ಯಾರಿಗೋ ಹುಷಾರಿಲ್ಲವೆಂದು ತಿಳಿದು ಪಕ್ಕದವರು ಕಷಾಯ ಕಾಯಿಸಿಕೊಂಡು ಬಂದುಬಿಡುತ್ತಾರೆ. ಯಾರ ಮನೆಯ ಒಗ್ಗರಣೆ ಸೀದಿತು, ಯಾರ ಮಗ ಫೇಲಾದ, ಎಲ್ಲ ಎಲ್ಲರಿಗೂ ಗೊತ್ತು.

ಇಂಥ ಮನೆಯಲ್ಲಿ ಹೆಂಡತಿಗೆ ಹೊಡೆಯುವವನು ಸ್ವಲ್ಪ ಯೋಚಿಸಿ ಹೊಡೆಯಬೇಕಾಗುತ್ತದೆ. ಅಪ್ಪ ಯೋಚಿಸಿಯೇ ಹೊಡೆಯುತ್ತಿದ್ದ. ಅಮ್ಮನ ಮುಂಗೈ ಹಿಡಿದು ತಿರುವುವುದು, ಅಡುಗೆಮನೆಯ ಮೂಲೆಗೆ ಒತ್ತಿ ತೋಳು ಚಿವುಟುವುದು, ಜಡೆಯನ್ನು ಕೈಗೆ ಸುತ್ತಿಕೊಂಡು ಮೆಲ್ಲಗೆ ಎಳೆಯುವುದು, ಹೀಗೆ ಸದ್ದಾಗದ ಕೆಲಸಗಳು. ಸುಲ್ತಾನ್‌ಪೇಟೆಯಲ್ಲಿ ಅವನದು ಲಗ್ನಪತ್ರಿಕೆ ಅಂಗಡಿ. ಮೊದಲ ಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚಿ ಗಿರಾಕಿಗೆ ಕೊಡುವುದನ್ನು ಅವನೇ ಮಾಡುತ್ತಿದ್ದ, ಕೆಲಸದವರಿಗೆ ಬಿಡುತ್ತಿರಲಿಲ್ಲ. ಮದುವೆ ಕಾಲದಲ್ಲಿ ಬೆರಳ ತುದಿಗಳು ಸದಾ ಹಳದಿ. ಒಂದು ದಿನ ಊಟಕ್ಕೆ ಬಂದವನು ತಡೆಯಲಾರದೆ ಅಮ್ಮನ ಕೆನ್ನೆಗೆ ಬಾರಿಸಿದ. ನಲ್ಲಿಗೆ ಬಂದ ಅಮ್ಮನ ಮುಖದ ಮೇಲೆ ಅರಿಶಿನದ ಬೆರಳುಗಳು ಮೂಡಿದ್ದವು. ಹೆಂಗಸರು ನೋಡಿದರು, ಕಂಡೂ ಕಾಣದ ಹಾಗೆ ಕೊಡ ಎತ್ತಿಕೊಂಡು ಹೋದರು. ಅಪ್ಪನಿಗೆ ಅದೊಂದು ಅವಮಾನವಾಗಿ ಉಳಿದಿರಬೇಕು. ಹೊಡೆದದ್ದಲ್ಲ, ಕಂಡದ್ದು.

ಆ ಮನೆಗೆ ಏಸಿ ಬಂದದ್ದು ಅದಾದ ಮೇಲೆ. ಮುಚ್ಚಿಹೋದ ಒಂದು ಫೈನಾನ್ಸ್ ಆಫೀಸಿನ ಸಾಮಾನು ಹರಾಜಾಗುತ್ತಿದ್ದಾಗ ಅಪ್ಪ ಅದನ್ನು ಅಗ್ಗಕ್ಕೆ ಹೊಡೆದುಕೊಂಡು ಬಂದ. ಕಿಟಕಿಗೆ ಕೂರಿಸುವ ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದನ್ನು ಮಲಗುವ ಕೋಣೆಯ ಕಿಟಕಿ ಒಡೆದು ಕೂರಿಸಿದರು. ಅದರ ಬೆನ್ನು ಅಂಗಳದ ಕಡೆಗೆ, ನಲ್ಲಿಯ ಮೇಲುಗಡೆಗೆ ಬಂತು. ಫ್ಯಾನನ್ನೇ ವರ್ಷದಲ್ಲಿ ಎರಡು ತಿಂಗಳು ಹಾಕುವ ಬೆಂಗಳೂರಲ್ಲಿ, ಅದೂ ಚಾಮರಾಜಪೇಟೆಯ ವಠಾರದಲ್ಲಿ ಏಸಿ. ವಠಾರವೆಲ್ಲ ಸಾಲಾಗಿ ಬಂದು ಗಾಳಿಗೆ ಮುಖವೊಡ್ಡಿ ಹೋಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಅವರು ಹಿಂದಿನಿಂದ ಆಡಿಕೊಂಡದ್ದೂ ನಿಜವೇ. ಆದರೆ ಆ ಪೆಟ್ಟಿಗೆ ಅಪ್ಪನಿಗೆ ಏನು ಕೊಟ್ಟಿತು ಎಂಬುದು ಅವನಿಗೂ ಮೊದಲು ಗೊತ್ತಿರಲಿಲ್ಲ ಅನ್ನಿಸುತ್ತದೆ. ಏಸಿ ಹಾಕಿದರೆ ಬಾಗಿಲು ಹಾಕಲೇಬೇಕು, ಇಲ್ಲದಿದ್ದರೆ ತಂಪು ಹೋಗುತ್ತದೆ. ಹಗಲು ಬಾಗಿಲು ಹಾಕಲು ವಠಾರದಲ್ಲಿ ಮರ್ಯಾದಸ್ಥ ಕಾರಣ ಸಿಕ್ಕಿದ್ದು ಅವನೊಬ್ಬನಿಗೇ. ಮೇಲೆ ಆ ಯಂತ್ರ ಹಿಟ್ಟಿನ ಗಿರಣಿಯ ಹಾಗೆ ಬಡಿದುಕೊಳ್ಳುತ್ತಿತ್ತು.

ಅಪ್ಪ ಮಧ್ಯಾಹ್ನ ಊಟಕ್ಕೆ ಬಂದು ಒಂದಿಷ್ಟು ಹೊತ್ತು ಮಲಗಿ ಅಂಗಡಿಗೆ ವಾಪಸು ಹೋಗುವವನು. ಉಂಡು ಕೈ ತೊಳೆದು ಕೋಣೆಗೆ ಹೋಗುತ್ತಿದ್ದ. "ಬಾ ಇಲ್ಲಿ" ಎಂದು ಅಮ್ಮನನ್ನು ಕರೆಯುತ್ತಿದ್ದ. ಬಾಗಿಲು, ಚಿಲಕ, ಆಮೇಲೆ ಗರಗರ. ಆ ಗರಗರದ ಅಡಿಯಲ್ಲಿ ಧಪ್ ಧಪ್ ಎಂದು ಏನೋ ಬೀಳುತ್ತಿತ್ತು. ನಡುಮನೆಯಲ್ಲಿ ಜಪಸರ ಹಿಡಿದು ಕೂತ ಅಜ್ಜಿ, ಅಪ್ಪನ ತಾಯಿ, ಆ ಹೊತ್ತಿಗೆ ಜಪವನ್ನು ಜೋರಾಗಿ ಹೇಳುತ್ತಿದ್ದರು. ಬೆಲ್ಟು, ನೀರಿನ ಚೊಂಬು, ಅಂಗಾಲು, ಕೈಗೆ ಸಿಕ್ಕಿದ್ದರಿಂದ ಅವನು ಈಗ ಮನಸಾರೆ ಹೊಡೆಯಬಹುದಾಗಿತ್ತು. ಅಮ್ಮ ಹೊರಗೆ ಬಂದಾಗ ಸೆರಗನ್ನು ಹೊದ್ದಿರುತ್ತಿದ್ದಳು. ಯಾರಾದರೂ ಕೇಳಿದರೆ "ಬಚ್ಚಲಲ್ಲಿ ಜಾರ್ಬಿದ್ದೆ" ಎನ್ನುತ್ತಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಮಾಡಿದವನು ಸಿಕ್ಕಿದರೆ ನಾನು ಅವನಿಗೂ ಎರಡು ಬಿಗಿಯುತ್ತೇನೆ. ನಮ್ಮ ಮನೆಯಲ್ಲಿ ಅದು ಶುರುವಾಗುತ್ತಿದ್ದದ್ದೇ ಉಂಡು ಮಲಗುವ ಹೊತ್ತಿಗೆ.

ಧನುರ್ಮಾಸದಲ್ಲಿ ವಠಾರವೆಲ್ಲ ಸ್ವೆಟರ್ ಹಾಕಿಕೊಂಡು ಬಿಸಿಲಿಗೆ ಕೂತಿರುವಾಗಲೂ ನಮ್ಮ ಏಸಿ ಓಡುತ್ತಿತ್ತು. ಅದರ ಹಿಂದಿನ ನಳಿಕೆಯಿಂದ ನೀರು ತೊಟ್ಟಿಕ್ಕುವುದು ಎಲ್ಲರಿಗೂ ಕಾಣುತ್ತಿತ್ತು. ಒಬ್ಬಳು ಆ ನೀರಿಗೆ ಬಕೆಟ್ ಇಟ್ಟು ನೆಲ ಒರೆಸಲು ಬಳಸುತ್ತಿದ್ದಳು.

ಕೂರಿಸಿದ ಮೆಕ್ಯಾನಿಕ್ ಮೊದಲೇ ಹೇಳಿಹೋಗಿದ್ದ, ಬೇಸಿಗೆ ಶುರುವಾಗುವ ಮುಂಚೆ ಒಂದು ಸರ್ವಿಸ್, ಮಳೆಗಾಲ ಮುಗಿದ ಮೇಲೆ ಒಂದು ಮಾಡಿಸದಿದ್ದರೆ ಕರೆಂಟ್ ಬಿಲ್ಲು ಏರುತ್ತದೆ, ಯಂತ್ರವೂ ಬಾಳುವುದಿಲ್ಲ ಎಂದು. "ಆ ದುಡ್ಡಲ್ಲಿ ಎಮ್ಮೆ ಸಾಕ್ತೀನಿ ಹೋಗಯ್ಯ" ಎಂದು ಅಪ್ಪ ಅವನನ್ನು ಅಟ್ಟಿದ್ದ. ಬಚ್ಚಲ ಬಲ್ಬು ಉರಿಯುತ್ತಿದ್ದರೆ ನನ್ನ ತಲೆಗೆ ಮೊಟಕುವವನು ಅವನು. ಅಂಥವನು ಏಸಿಯಿಂದ ಬಂದ ಬಿಲ್ಲನ್ನು ತುಟಿ ಪಿಟಕ್ಕೆನ್ನದೆ ಕಟ್ಟುತ್ತಿದ್ದ. ವರ್ಷಗಳು ಕಳೆದಂತೆ ಯಂತ್ರದ ಬಡಿತ ಜಾಸ್ತಿಯಾಯಿತು. ಒಳಗಿನ ಏಟೂ ಅದಕ್ಕೆ ತಕ್ಕಂತೆ ಜಾಸ್ತಿಯಾಯಿತು. ಒಂದು ಸಲ ಅಮ್ಮನ ಕಿವಿಯಿಂದ ರಕ್ತ ಬಂದು ವಾರಗಟ್ಟಲೆ ಅವಳಿಗೆ ಒಂದೇ ಕಿವಿ ಕೇಳಿಸುತ್ತಿತ್ತು. ಅವಳು ಒಂದು ದಿನ ಆ ಕೋಣೆಯಿಂದ ಎದ್ದು ಬರುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಸ್ಕೂಲಿನಲ್ಲಿ ಮಧ್ಯಾಹ್ನದ ಬೆಲ್ ಹೊಡೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ನಾನು ಹೈಸ್ಕೂಲಿನ ಕೊನೆಯಲ್ಲಿದ್ದಾಗಿನ ದಸರಾ. ರಜ ಸಿಕ್ಕಿತ್ತು. ಆಯುಧಪೂಜೆಗೆ ಮುಂಚೆ ಮನೆಯ ಯಂತ್ರಗಳೆಲ್ಲ ಮಡಿಯಾಗಬೇಕು ಎಂಬುದು ಅಜ್ಜಿಯ ಕಟ್ಟುನಿಟ್ಟು. ಸ್ಕೂಟರ್ ತೊಳೆದು, ಹೊಲಿಗೆ ಮಿಷಿನ್ನಿಗೆ ಎಣ್ಣೆ ಬಿಟ್ಟು, ಈಳಿಗೆಮಣೆ, ಕತ್ತರಿ, ರುಬ್ಬುವ ಯಂತ್ರ ಎಲ್ಲ ಬೆಳಗಿ ಸಾಲಾಗಿ ಇಟ್ಟ ಮೇಲೆಯೇ ಕುಂಕುಮ. ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಅಮ್ಮ, ಏನೂ ಅಲ್ಲವೆಂಬಂತೆ ಹೇಳಿದಳು, "ಅತ್ತೆ, ಆ ಏಸಿ ತಂದಾಗಿಂದ ಒಂದ್ಸಲನೂ ತೊಳ್ಸಿಲ್ಲ. ಅದ್ರೊಳಗೆ ಪಾರಿವಾಳದ ಹೇಲು, ಸತ್ತ ಹಲ್ಲಿ ಎಲ್ಲಾ ಇದೆಯಂತೆ. ಅದಕ್ಕೇ ಪ್ರತಿ ವರ್ಷ ಕುಂಕುಮ ಇಡ್ತಿದೀವಿ."

ಅಜ್ಜಿಯ ಮುಖ ಹುಳ್ಳಗಾಯಿತು. ಮಗ ಹೆಂಡತಿಗೆ ಹೊಡೆಯುವುದನ್ನು ಸಹಿಸಿಕೊಂಡ ಆ ಮಡಿವಂತೆಗೆ ಸತ್ತ ಹಲ್ಲಿಯನ್ನು ಸಹಿಸಲಾಗಲಿಲ್ಲ. ಅಪ್ಪ ಊಟಕ್ಕೆ ಬಂದ ಕೂಡಲೇ, "ಆ ಹೊಲಸು ಮಿಷಿನ್ನು ತೊಳೆಸ್ದೇ ಇದ್ರೆ ಈ ಸಲ ಪೂಜೆನೇ ಬೇಡ. ನಾನು ತಂಗಿ ಮನೆಗೆ ಹೋಗ್ತೀನಿ" ಎಂದು ಕೂತರು. ಮನೆಯ ಪೂಜೆಯಾಗದೆ ಅಂಗಡಿಯ ಯಂತ್ರಗಳಿಗೆ ಪೂಜೆಯಿಲ್ಲ, ಅದಿಲ್ಲದೆ ಅಪ್ಪ ವ್ಯಾಪಾರ ಶುರು ಮಾಡುವವನಲ್ಲ. "ಮಾಡಿಸ್ಕೊಳ್ಳಿ. ನಯಾಪೈಸೆ ನಾನು ಕೊಡಲ್ಲ" ಎಂದ.

ಕಲಾಸಿಪಾಳ್ಯದ ಕಡೆಯಿಂದ ಇಬ್ಬರು ಏಸಿ ಮೆಕ್ಯಾನಿಕ್‌ಗಳು ಬಂದರು. ಮಾತಾಡಿದವನು ಒಬ್ಬನೇ, ಅವನೂ ಅಳತೆ ಮೀರಿ ಮಾತಾಡಿದ. ಏಸಿಯನ್ನು ಕಿಟಕಿಯಿಂದ ಕಿತ್ತು, ನಲ್ಲಿಯ ಕಟ್ಟೆಯ ಪಕ್ಕಕ್ಕೆ ಹೊತ್ತು ತಂದು ಇಟ್ಟು, ತಗಡು ಬಿಚ್ಚಿ ನೀರು ಹಾರಿಸಿದರು. ಕಪ್ಪು ಕೆಸರು, ಪುಕ್ಕ, ಮೂಳೆ ಎಲ್ಲ ಅಂಗಳದ ಮೋರಿಗೆ ಹರಿಯಿತು. ಬ್ರಷ್ಷಿನಿಂದ ಕಾಯಿಲನ್ನು ಕೆರೆದ ರಭಸಕ್ಕೆ ನನಗೆ ಹಿತವಾಯಿತು. ಅದಕ್ಕೂ ಜೀವವಿದ್ದು ನೋಯಲಿ ಅನ್ನಿಸಿತು. ವಠಾರದ ಹೆಂಗಸರು ಪಾತ್ರೆ ತಂದವರು ಅಲ್ಲೇ ನಿಂತು ನೋಡುತ್ತಿದ್ದರು. ನಮ್ಮ ಹಿಂದಿನ ಮನೆಯ ಟೀಚರ್ ಆಂಟಿ, ಹತ್ತಿರದ ಕನ್ನಡ ಶಾಲೆಯಲ್ಲಿ ಪಾಠ ಮಾಡುವವರು, ಅವರಿಗೂ ದಸರಾ ರಜ, ಅವರೂ ಇದ್ದರು.

ಮೆಕ್ಯಾನಿಕ್ ಮೀಟರ್ ಹಚ್ಚಿ ನೋಡಿ ಅಮ್ಮನಿಗೆ ಹೇಳಿದ, "ಗ್ಯಾಸ್ ಕಮ್ಮಿ ಇದೆ ಅಮ್ಮಾ. ಗ್ಯಾಸ್ ತುಂಬಿಸ್ಬಿಡಿ, ಐಸ್ ಥರ ಬರುತ್ತೆ. ಸರ್ವಿಸ್‌ಗಿಂತ ಜಾಸ್ತಿ ಆಗುತ್ತೆ, ಆದ್ರೆ ನಿಮಗೇಂತ ಕಮ್ಮಿ ಮಾಡ್ತೀನಿ."

"ಗ್ಯಾಸ್ ಬೇಡ," ಎಂದಳು ಅಮ್ಮ. "ಸದ್ದು ನಿಲ್ಲಿಸಿ."

"ಕೂಲಿಂಗ್ ಬರ್ದೇ ಸದ್ದು ನಿಂತು ಏನ್ ಪ್ರಯೋಜನ ಅಮ್ಮಾ? ಸದ್ದು ಅಭ್ಯಾಸ ಆಗೋಗುತ್ತೆ."

"ಅಭ್ಯಾಸ ಆಗೋಗಿದೆ. ಅದಕ್ಕೇ ಹೇಳ್ತಿರೋದು."

ಟೀಚರ್ ಆಂಟಿ ತಲೆ ತಗ್ಗಿಸಿದರು. ತುಂಬದ ಬಕೆಟನ್ನೇ ಎತ್ತಿಕೊಂಡು ಒಳಗೆ ಹೋದರು.

ಒಣಗಿ ಒಡೆದಿದ್ದ ರಬ್ಬರುಗಳನ್ನು ಹೊಸದು ಹಾಕಿದರು. ಸೊಟ್ಟಗಾಗಿದ್ದ ಬ್ಲೋವರನ್ನು ಸರಿಮಾಡಿ, ತಗಡನ್ನು ಬಿಗಿದು, ಕಿಟಕಿಯ ಚೌಕಟ್ಟಿಗೆ ಮರದ ಬೆಣೆ ಹೊಡೆದು ಮತ್ತೆ ಕೂರಿಸಿದರು. ಅಮ್ಮ ಅಷ್ಟಕ್ಕೆ ಅವರನ್ನು ಬಿಡಲಿಲ್ಲ. ಏಸಿ ಹಾಕಿಸಿ, ತಾನು ನಲ್ಲಿಯ ಹತ್ತಿರ ಹೋಗಿ ನಿಂತು ನನಗೆ ಹೇಳಿದಳು, "ಒಳಗೆ ಹೋಗಿ ಬಾಗ್ಲು ಹಾಕ್ಕೊಂಡು ಒಂದು ಲೋಟ ಬೀಳ್ಸು." ನಾನು ಬೀಳಿಸಿದೆ. ಹೊರಗೆ ಬಂದಾಗ ಅವಳು ಇನ್ನೂ ಗೋಡೆಯನ್ನೇ ನೋಡುತ್ತಿದ್ದಳು. "ನೋಡಿ, ಸೂಜಿ ಬಿದ್ರೂ ಕೇಳಿಸುತ್ತೆ ಈಗ" ಎಂದು ಮೆಕ್ಯಾನಿಕ್ ಹೆಮ್ಮೆಪಟ್ಟ. ಗೌರಿ ಹಬ್ಬಕ್ಕೆ ತವರಿನವರು ಅರಿಶಿನ ಕುಂಕುಮಕ್ಕೆಂದು ಕಳಿಸಿದ್ದ ದುಡ್ಡನ್ನು ಅಮ್ಮ ಡಬ್ಬಿಯಿಂದ ತೆಗೆದು ಅವನಿಗೆ ಕೊಟ್ಟಳು. ಹೊಸ ಸೀರೆಯೊಂದು ಬರುವಷ್ಟು ಅದರಲ್ಲಿ ಹೋಯಿತು.

ಆಯುಧಪೂಜೆಯ ದಿನ ಅಪ್ಪ ಏಸಿಯ ಹಣೆಗೆ ವಿಭೂತಿ ಬಳಿದು ಕುಂಕುಮ ಇಟ್ಟ. ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಹೊಸಿಲಿನಾಚೆ ಎತ್ತಿ ಅಪ್ಪಳಿಸಿದ. ಅದು ಒಡೆದು ಕೆಂಪು ನೀರು ಅಮ್ಮನ ಪಾದದವರೆಗೂ ಚಿಮ್ಮಿತು. ಅವಳು ಹಿಂದೆ ಸರಿಯಲಿಲ್ಲ. ಏಸಿ ಹಾಕಿದಾಗ ಸದ್ದೇ ಬಾರದ್ದು ಕಂಡು ಅಪ್ಪ ಖುಷಿಪಟ್ಟ. "ಪರ್ವಾಗಿಲ್ಲ, ಒಳ್ಳೇ ಕೆಲಸ ಮಾಡಿದಾನೆ" ಎಂದು ಅಂಗಡಿಯಲ್ಲೂ ಹೇಳಿಕೊಂಡನಂತೆ. ಆ ಬುದ್ಧಿವಂತನಿಗೆ ಮುಂದಿನದು ಹೊಳೆಯಲೇ ಇಲ್ಲ.

ಹಬ್ಬ ಮುಗಿದಿತ್ತು, ರಜ ಮುಗಿದಿರಲಿಲ್ಲ. ಊಟ ಮಾಡುತ್ತಾ ಅಪ್ಪ ಅಜ್ಜಿಯನ್ನು ಕೇಳಿದ, "ಏಸಿಯವನಿಗೆ ಎಷ್ಟು ಕೊಟ್ಟೆ ಅಮ್ಮ?"

"ನಾನ್ಯಾಕೆ ಕೊಡ್ಲಿ? ಅವ್ಳೇ ಕೊಟ್ಲು, ಗೌರಿ ಹಬ್ಬದ ದುಡ್ಡಲ್ಲಿ."

ಅಪ್ಪ ಕಲಸಿದ ಅನ್ನವನ್ನು ಅಲ್ಲೇ ಬಿಟ್ಟು ಎದ್ದ. ಅವನ ಮನೆಯ ಯಂತ್ರಕ್ಕೆ ಹೆಂಡತಿಯ ತವರಿನ ದುಡ್ಡು. ಕೈ ತೊಳೆದು ಕೋಣೆಗೆ ಹೋಗಿ "ಬಾ ಇಲ್ಲಿ" ಎಂದ. ಅಮ್ಮ ಹೋದಳು. ಚಿಲಕ ಬಿತ್ತು. ಅವನು ಅಭ್ಯಾಸದಂತೆ ಏಸಿ ಹಾಕಿದ.

ಮೊದಲ ಏಟು ನನ್ನ ಪಕ್ಕದಲ್ಲೇ ಬಿದ್ದಂತೆ ಕೇಳಿಸಿತು. ಬಳೆ ಒಡೆದು ನೆಲಕ್ಕೆ ಉದುರಿತು. "ತವ್ರಿನ ದುಡ್ಡಾ? ನಂಗೆ ಭಿಕ್ಷೆನಾ?" ಎಂಬ ಅವನ ಮಾತು, ಮಾತಿನ ನಡುವೆ ಏಟು, ಏಟಿನ ನಡುವೆ ಅವನ ಏದುಸಿರು. ಕಬ್ಬಿಣದ ಬೀರುವಿಗೆ ಅಮ್ಮನ ತಲೆ ಬಡಿದದ್ದು, ಬೀರುವಿನ ಬಾಗಿಲು ಅದುರಿದ್ದು, ಅವನು ಮತ್ತೆ ಬಡಿದದ್ದು. ಆಮೇಲೆ ಅಮ್ಮ ಕೂಗಿದಳು. ಇಷ್ಟು ವರ್ಷ ನಾನು ಅವಳ ಬಾಯಿಂದ ಅಂಥ ಧ್ವನಿ ಕೇಳಿರಲಿಲ್ಲ. ಅಜ್ಜಿ ಜಪ ಶುರುಮಾಡಿದರು, ಅದು ಯಾವ ಮೂಲೆಗೂ ಸಾಲಲಿಲ್ಲ. ಅಜ್ಜಿಯ ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಗುಂಡು ಪಕ್ಕದಲ್ಲಿತ್ತು. ಅದನ್ನು ಎತ್ತಿಕೊಂಡು ನಾನು ಬಾಗಿಲಿಗೆ ಕುಟ್ಟತೊಡಗಿದೆ.

ಅಷ್ಟರಲ್ಲಿ ನನ್ನ ಹಿಂದೆ ನಡುಮನೆ ಜನರಿಂದ ತುಂಬಿತ್ತು. ಟೀಚರ್ ಆಂಟಿ ಮುಂದೆ, ಮೊಳಕೈವರೆಗೂ ಪಾತ್ರೆ ತಿಕ್ಕುವ ಬೂದಿ ಮೆತ್ತಿದ ಒದ್ದೆ ಕೈ. ಅವರ ಹಿಂದೆ ವಠಾರದ ಉಳಿದ ಹೆಂಗಸರು. ಎಲ್ಲರೂ ಸೇರಿ ಬಾಗಿಲು ಬಡಿದರು, ಟೀಚರ್ ಆಂಟಿ ಕಾಲಿನಿಂದ ಒದ್ದರು. ಅಪ್ಪ ಚಿಲಕ ತೆಗೆದ. ಅಂಗಿಯ ಗುಂಡಿ ಕಿತ್ತಿತ್ತು. ಅವನ ಹಿಂದೆ ಅಮ್ಮ ಬೀರುವಿಗೆ ಒರಗಿ ಕೂತಿದ್ದಳು, ಹಣೆಯಿಂದ ರಕ್ತ ಇಳಿದು ಹುಬ್ಬಿನಲ್ಲಿ ನಿಂತಿತ್ತು.

"ಏನ್ರೀ ಇದು, ಮನೆಯೊಳಗೆ ನುಗ್ತೀರಾ?" ಎಂದ ಅಪ್ಪ. "ಗಂಡ ಹೆಂಡ್ತಿ ವಿಷ್ಯ ಇದು. ಏಸಿ ಹಾಕಿದೀವಿ, ಬಾಗ್ಲು ಹಾಕ್ಬೇಕು, ನಡೀರಿ."

"ಅವ್ರನ್ನ ಹೊರಗೆ ಕಳ್ಸಿ, ಆಮೇಲೆ ಬಾಗ್ಲು ಹಾಕ್ಕೊಳ್ಳಿ," ಎಂದರು ಟೀಚರ್ ಆಂಟಿ.

"ಈ ತಿಂಗಳೇ ಎಲ್ಲಾ ಮನೆ ಖಾಲಿ ಮಾಡ್ಬೇಕು, ಒಬ್ಬೊಬ್ರೂ."

"ಮಾಡ್ತೀವಿ ಸಾರ್. ಮೊದ್ಲು ಸ್ಟೇಷನ್‌ಗೆ ಹೋಗಿ ಬರ್ತೀವಿ, ಆಮೇಲೆ ಮಾಡ್ತೀವಿ."

ಅಪ್ಪ ಟೀಚರ್ ಆಂಟಿಯ ಮೇಲೆ ಕೈ ಎತ್ತಿದ. ಆ ಕೈ ಇಳಿಯುವ ಮುಂಚೆ ನಾನು ಕಬ್ಬಿಣದ ಗುಂಡನ್ನು ಅವನ ಮಣಿಕಟ್ಟಿನ ಮೇಲೆ ಇಳಿಸಿದೆ. ಮೂಳೆಗೆ ತಾಗಿದ್ದು ನನ್ನ ಅಂಗೈಗೆ ಗೊತ್ತಾಯಿತು. ಅವನು ನೆಲಕ್ಕೆ ಕೂತು ಕೈ ಹಿಡಿದುಕೊಂಡು ಅತ್ತ. ನನಗೆ ಬಹಳ ಸಂತೋಷವಾಯಿತು, ಇವತ್ತಿಗೂ ನೆನೆದರೆ ಆಗುತ್ತದೆ. ಇನ್ನೊಂದು ಬಿಡುವುದಕ್ಕೆ ಎತ್ತಿದ್ದೆ, ಟೀಚರ್ ಆಂಟಿ ನನ್ನ ಕೈ ಹಿಡಿದುಕೊಂಡರು.

ಮುಂದೆ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಒಳ್ಳೆಯವನಾಗಲಿಲ್ಲ, ಅಂಥದ್ದೆಲ್ಲ ಕಥೆಯಲ್ಲಿ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಂಗಡಿಯಲ್ಲಿ "ಬಚ್ಚಲಲ್ಲಿ ಜಾರ್ಬಿದ್ದೆ" ಎಂದು ಹೇಳಿಕೊಂಡ. ಯಾರ ಮನೆಯನ್ನೂ ಖಾಲಿ ಮಾಡಿಸಲಿಲ್ಲ, ಆ ಬಾಡಿಗೆಯಿಲ್ಲದೆ ಅವನಿಗೆ ನಡೆಯುತ್ತಿರಲಿಲ್ಲ. ಕೈ ವಾಸಿಯಾದ ಮೇಲೆ ಒಂದು ದಿನ ಸ್ಕ್ರೂಡ್ರೈವರ್ ಹಿಡಿದು ಏಸಿಯ ತಗಡು ಸಡಿಲ ಮಾಡಲು ನೋಡಿದ. ಸದ್ದು ಮಾಡುವ ಹಾಗೆ ಮಾಡಿಕೊಡಿ ಎಂದು ಯಾವ ಮೆಕ್ಯಾನಿಕ್ಕನ್ನೂ ಕೇಳುವಂತಿಲ್ಲವಲ್ಲ, ಪಾಪ. ಅದು ಸ್ವಲ್ಪ ಗರಗರ ಅಂದ ಕೂಡಲೇ ಅಮ್ಮ ಕಲಾಸಿಪಾಳ್ಯಕ್ಕೆ ಫೋನ್ ಮಾಡಿದಳು. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಗೂ ಪ್ರತಿ ದಸರೆಗೂ ಸರ್ವಿಸ್ ಆಯಿತು, ದುಡ್ಡನ್ನು ಅಪ್ಪನ ಜೇಬಿನಿಂದ ಅಜ್ಜಿ ಕೊಡಿಸಿದರು. ಅವನ ನಾಲಿಗೆ ಸಾಯುವವರೆಗೂ ಹೊಲಸಾಗಿಯೇ ಇತ್ತು. ಕೈ ಮಾತ್ರ ಮತ್ತೆ ಮೇಲೆ ಬರಲಿಲ್ಲ.

ಬಾಗಿಲು ಬಡಿದ ಆ ದಿನ ಸಂಜೆ ಡಾಕ್ಟರ ಹತ್ತಿರ ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದು, ಅಮ್ಮ ಟೀಚರ್ ಆಂಟಿಯ ಮನೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಆಂಟಿ ಒಳಗೆ ಗಂಜಿ ಕಾಯಿಸುತ್ತಿದ್ದರು. ನನ್ನ ಮೈ ಇನ್ನೂ ಉರಿಯುತ್ತಿತ್ತು. "ಆ ದರಿದ್ರ ಸದ್ದು ಮೊದ್ಲೇ ನಿಲ್ಸಿದ್ರೆ ಇವ್ರೆಲ್ಲಾ ಯಾವತ್ತೋ ಬರ್ತಿದ್ರು ಅಲ್ವಾಮ್ಮ?" ಎಂದೆ. "ಪಾಪ, ಇವ್ರಿಗೆ ಕೇಳಿಸ್ತಾನೇ ಇರ್ಲಿಲ್ಲ."

"ಕೇಳಿಸ್ತಿತ್ತು," ಎಂದಳು ಅಮ್ಮ.

ನಾನು ಅವಳ ಮುಖ ನೋಡಿದೆ.

"ಇವ್ರು ಹೊರಗೆ ಪಾತ್ರೆ ತಿಕ್ಕೋದು ನಂಗೆ ಒಳಗೆ ಕೇಳಿಸ್ತಿತ್ತು. ಎಷ್ಟ್ ಸದ್ದಿದ್ರೂ ಅದು ಕೇಳಿಸ್ತಿತ್ತು. ನಿಮ್ಮಪ್ಪ ಶುರು ಮಾಡಿದ ತಕ್ಷಣ ಇವ್ರ ಕೈ ನಿಲ್ಲೋದು. ಎಲ್ಲಾರ್ದೂ ನಿಲ್ಲೋದು. ಈಗ ಯಾರೋ ಬರ್ತಾರೆ ಅಂತ ನಾನು ಬಾಗ್ಲೇ ನೋಡ್ತಿದ್ದೆ. ಒಂದು ಗಳಿಗೆ ಅಷ್ಟೇ. ಆಮೇಲೆ ಮತ್ತೆ ತಿಕ್ಕೋಕೆ ಶುರು ಮಾಡೋರು."

ಒಳಗೆ ಆಂಟಿಯ ಸೌಟು ನಿಂತಿತು. ಅಮ್ಮ ಆ ಕಡೆ ನೋಡಲಿಲ್ಲ, ಒಡೆದ ಬಳೆ ಕೊಯ್ದಿದ್ದ ಮುಂಗೈಯನ್ನು ಸವರಿಕೊಂಡಳು.

"ಇವತ್ತು ಮತ್ತೆ ಶುರು ಮಾಡ್ಲಿಲ್ಲ ಕಣೇ," ಎಂದಳು.